ಯಾರ ಕೈ ಸೇರಲೆಂದು ಈ ಮುಖ? ವಲಸಿಗರ ಛಾಯಾಚಿತ್ರಗಳ ಸುತ್ತ ನಡೆದ ಚರ್ಚೆ

ಸರ್ವಾಧಿಕಾರದ ಕಾಲದ ಪೋರ್ಚುಗಲ್‌ನಿಂದ ಕದ್ದುಮುಚ್ಚಿ ಫ್ರಾನ್ಸಿಗೆ ದುಡಿಯಲು ಹೊರಟ ಗಂಡಸರು ಮನೆ ಬಿಡುವ ಮೊದಲು ಒಂದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅದನ್ನು ನಡುವೆ ಹರಿದು ಅರ್ಧ ತುಂಡನ್ನು ಗಡಿ ದಾಟಿಸುವ ದಳ್ಳಾಳಿಗೆ ಕೊಟ್ಟು, ಉಳಿದ ಅರ್ಧವನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಹಣ ಕಿತ್ತುಕೊಂಡು ಬೆಟ್ಟದ ನಡುವೆ ಕೈಬಿಟ್ಟು ಹೋಗುವ ದಳ್ಳಾಳಿಗಳಿದ್ದುದರಿಂದ ಈ ಉಪಾಯ. ಫ್ರಾನ್ಸ್ ತಲುಪಿದ ಮೇಲೆ ತಮ್ಮ ತುಂಡನ್ನು ಊರಿಗೆ ಅಂಚೆಯಲ್ಲಿ ಕಳಿಸುವರು. ದಳ್ಳಾಳಿ ತನ್ನ ತುಂಡನ್ನು ಹಿಡಿದು ಮನೆಬಾಗಿಲಿಗೆ ಬರುವನು. ಎರಡೂ ಕೂಡಿಕೊಂಡರೆ ಮಾತ್ರ ಮನೆಯವರು ಹಣ ಎಣಿಸುವರು. ಲೇಖಕ ಜಾನ್ ಬರ್ಜರ್ ಮತ್ತು ಛಾಯಾಗ್ರಾಹಕ ಜಾನ್ ಮೋರ್ 1975ರಲ್ಲಿ ಪ್ರಕಟಿಸಿದ ‘ಎ ಸೆವೆಂತ್ ಮ್ಯಾನ್’ ಪುಸ್ತಕದಲ್ಲಿ ದಾಖಲಾಗಿರುವ ಈ ಪದ್ಧತಿಯಲ್ಲಿ ಫೋಟೊ ಚೆನ್ನಾಗಿ ಬಂದಿದೆಯೇ, ಮುಖದಲ್ಲಿ ಯಾವ ಭಾವವಿದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಅದು ಯಾರ ಕೈಯಿಂದ ಹೊರಟು ಯಾರ ಕೈ ಸೇರಿತು ಎಂಬುದೇ ಅದರ ಪೂರ್ತಿ ಅರ್ಥ.

ವಲಸಿಗರ ಛಾಯಾಚಿತ್ರಗಳ ಬಗ್ಗೆ ನಡೆದಿರುವ ದೀರ್ಘ ಚರ್ಚೆ ಸಾಮಾನ್ಯವಾಗಿ ಹೀಗೆ ನೋಡುವುದಿಲ್ಲ. ಚಿತ್ರದಲ್ಲಿರುವವನು ಯಾರು, ಅವನು ಹಳೆಯ ನೆಲಕ್ಕೆ ಸೇರಿದವನೋ ಹೊಸ ನೆಲಕ್ಕೋ, ಅವನ ಕಣ್ಣಲ್ಲಿರುವುದು ಹಂಬಲವೋ ಭಯವೋ ಎಂದು ಮುಖವನ್ನು ಓದಲು ಹೊರಡುತ್ತದೆ. ಮುಖ ಓದುವ ಮೊದಲು ವಿಳಾಸ ಓದಬೇಕು ಎಂಬುದು ಈ ಲೇಖನದ ನಿಲುವು. ಸರಕಾರದ ಕಡತಕ್ಕೆ, ಅಪರಿಚಿತ ಓದುಗರಿಗೆ, ಊರಿನಲ್ಲಿರುವ ತಾಯಿಗೆ, ಇನ್ನೂ ಹುಟ್ಟದ ಮೊಮ್ಮಕ್ಕಳಿಗೆ ಎಂದು ಬೇರೆಬೇರೆ ವಿಳಾಸಗಳಿಗೆ ತೆಗೆದ ಚಿತ್ರಗಳನ್ನು ಒಂದೇ ರಾಶಿಗೆ ಹಾಕಿ ವಾದಿಸಿದ್ದರಿಂದಲೇ ಪಂಥಗಳು ಒಂದರ ಮಾತು ಇನ್ನೊಂದಕ್ಕೆ ಕೇಳಿಸದಂತೆ ಬೆಳೆದಿವೆ.

ಮೊದಲು ಬಂದದ್ದು ಸರಕಾರದ ಕ್ಯಾಮೆರಾ

ಅಮೆರಿಕ 1882ರಲ್ಲಿ ಚೀನೀ ಕಾರ್ಮಿಕರ ಪ್ರವೇಶವನ್ನು ಕಾನೂನಿನ ಮೂಲಕ ತಡೆಯಿತು. ಹತ್ತು ವರ್ಷದ ನಂತರ ಬಂದ ಗಿಯರಿ ಕಾಯ್ದೆ, ಆಗಲೇ ಅಲ್ಲಿ ನೆಲೆಸಿದ್ದ ಚೀನೀ ಕಾರ್ಮಿಕರು ನಿವಾಸ ಪ್ರಮಾಣಪತ್ರ ಇಟ್ಟುಕೊಳ್ಳಬೇಕೆಂದಿತು. 1893ರ ತಿದ್ದುಪಡಿಯೊಂದಿಗೆ ಅದರಲ್ಲಿ ಫೋಟೊ ಕಡ್ಡಾಯವಾಯಿತು. ಅಮೆರಿಕನ್ನರ ಪಾಸ್‌ಪೋರ್ಟಿಗೆ ಫೋಟೊ ಬೇಕೆಂಬ ನಿಯಮ ಬಂದದ್ದು 1914ರ ಕೊನೆಯಲ್ಲಿ. ಅಂದರೆ ಇಂದು ಲೋಕದ ಎಲ್ಲರೂ ಒಪ್ಪಿಕೊಂಡಿರುವ ಗುರುತಿನ ಫೋಟೊ, ಎಲ್ಲರ ಮೇಲೆ ಹೇರುವ ಎರಡು ದಶಕ ಮೊದಲು ಬೇಡವಾದ ವಲಸಿಗರ ಮೇಲೆ ಪ್ರಯೋಗವಾಗಿತ್ತು. ಇತಿಹಾಸಕಾರ್ತಿ ಆನಾ ಪೆಗ್ಲರ್-ಗಾರ್ಡನ್ ಈ ಕಡತಗಳನ್ನು ಓದಿ ತೋರಿಸಿದ ಇನ್ನೊಂದು ಸಂಗತಿ ಅಷ್ಟೇ ಮುಖ್ಯ. ಚೀನೀಯರು ಇದಕ್ಕೆ ಸುಮ್ಮನೆ ತಲೆ ಕೊಡಲಿಲ್ಲ. ಒಳ್ಳೆಯ ಉಡುಪು ತೊಟ್ಟು ಸ್ಟುಡಿಯೊದಲ್ಲಿ ಗೌರವಸ್ಥರಂತೆ ಕುಳಿತು ತೆಗೆಸಿಕೊಂಡ ಚಿತ್ರಗಳನ್ನೇ ಕಚೇರಿಗೆ ಒಪ್ಪಿಸಿದರು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನನ ದಾಖಲೆಗಳು ನಾಶವಾದ ಮೇಲಂತೂ ಅಲ್ಲಿನ ಪ್ರಜೆಯ ಮಗನೆಂದು ಹೇಳಿಕೊಂಡು ಬಂದ, ಕಾಗದದ ಮೇಲಷ್ಟೇ ಮಗನಾದವನು ತಾನು ನಿಜವಾದ ಮಗನೆಂದು ಸಾಧಿಸಬೇಕಾಯಿತು. ಅಂಥ ವಿಚಾರಣೆಗಳಲ್ಲಿ ಕುಟುಂಬದ ಫೋಟೊಗಳೂ ಸಾಕ್ಷಿಗೆ ನಿಂತವು.

ಭಾರತೀಯರ ಮಟ್ಟಿಗೆ ಈ ಕಥೆ ಇನ್ನೂ ಹಿಂದಿನದು. 1834ರಿಂದ ಆರಂಭಿಸಿ ಹತ್ತಿರಹತ್ತಿರ 5 ಲಕ್ಷ ಕಂತ್ರಾಟು ಕೂಲಿಗಳು ಕಲ್ಕತ್ತ, ಮದರಾಸು, ಮುಂಬಯಿ ಬಂದರುಗಳಿಂದ ಮಾರಿಷಸ್‌ನ ಕಬ್ಬಿನ ತೋಟಗಳಿಗೆ ಹೋದರು. 1867ರ ಕಾನೂನಿನ ಪ್ರಕಾರ, ಕರಾರಿನ ಅವಧಿ ಮುಗಿಸಿದ ಕೂಲಿಯೂ ತನ್ನ ಫೋಟೊ ಅಂಟಿಸಿದ ಚೀಟಿಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕಿತ್ತು. ಇಲ್ಲದಿದ್ದರೆ ಅಲೆಮಾರಿಯೆಂದು ಹಿಡಿದೊಯ್ಯುವ ಭಯ. ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ಉಳಿದಿರುವ ಆ ಕಾಲದ ಚಿತ್ರಗಳು ಬಹುಶಃ ನಮ್ಮ ಉಪಖಂಡದ ಬಡವರ ಅತಿ ಹಳೆಯ ಫೋಟೊಗಳ ಸಾಲಿಗೆ ಸೇರುತ್ತವೆ. ಇದೇ ಕಾಲಕ್ಕೆ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಫೆಲಿಕ್ಸ್ ಮೊರಿನ್ ಎಂಬ ಫ್ರೆಂಚ್ ಛಾಯಾಗ್ರಾಹಕ ಕೂಲಿ ಹೆಂಗಸರನ್ನು ಮೈತುಂಬ ಬೆಳ್ಳಿಯೊಡನೆ ನಿಲ್ಲಿಸಿ ಚಿತ್ರ ತೆಗೆದ. ಅಂಥ ಚಿತ್ರಗಳು ಪ್ರವಾಸಿಗಳಿಗೆ ಮಾರಾಟವಾದವು. ಕೊಂಡವರ ಕಣ್ಣಿಗೆ ಅದು ಪೂರ್ವ ದೇಶದ ವಿಲಾಸ. ತೊಟ್ಟವರಿಗೋ ಆ ಕಡಗ, ಕಂಠಿಗಳು ಕೂಲಿಯ ಬೆಳ್ಳಿನಾಣ್ಯ ಕರಗಿಸಿ ಮಾಡಿಸಿದ ಉಳಿತಾಯ. ಒಂದೇ ಚಿತ್ರದಲ್ಲಿ ಕೊಂಡವನ ಕಥೆಯೂ ತೊಟ್ಟವಳ ಕಥೆಯೂ ಇವೆ. ಎರಡನೆಯದು ಕಾಣಿಸಲು ನೂರು ವರ್ಷ ಬೇಕಾಯಿತು.

ಈ ಬಗೆಯ ಚಿತ್ರಗಳಿಂದ ಹುಟ್ಟಿದ್ದೇ ಅಧಿಕಾರದ ಪಂಥ ಎನ್ನಬಹುದಾದ ಚಿಂತನೆ. ಅಲನ್ ಸೆಕುಲಾ 1986ರ ಪ್ರಬಂಧದಲ್ಲಿ, ಜಾನ್ ಟ್ಯಾಗ್ 1988ರ ಪುಸ್ತಕದಲ್ಲಿ ವಾದಿಸಿದ್ದು ಇಷ್ಟು: ಹತ್ತೊಂಬತ್ತನೆಯ ಶತಮಾನದ ಫೋಟೊ ಹುಟ್ಟಿನಿಂದಲೇ ಪೊಲೀಸ್ ಠಾಣೆ, ಆಸ್ಪತ್ರೆ, ವಲಸೆ ಕಚೇರಿಗಳ ಕಪಾಟಿನ ಜೊತೆ ಬೆಸೆದುಕೊಂಡದ್ದು, ಮುಖವನ್ನು ವಿಂಗಡಿಸಿ ಹಿಡಿದಿಡುವುದೇ ಅದರ ಕೆಲಸ. ಸರಕಾರವೇ ವಿಳಾಸವಾಗಿರುವ ಚಿತ್ರಗಳಿಗೆ ಈ ವಿವರಣೆ ಪೂರ್ತಿ ಹೊಂದುತ್ತದೆ. ಗೌರವಸ್ಥರಂತೆ ಕುಳಿತ ಚೀನೀಯರ ಮುಂದೆ ಮಾತ್ರ ಅದು ತಡವರಿಸುತ್ತದೆ. ಕಪಾಟಿಗೆ ಹೋಗುವ ಚಿತ್ರದಲ್ಲೂ ಕುಳಿತವನು ಏನನ್ನೋ ಮಾಡಬಲ್ಲ ಎಂಬುದಕ್ಕೆ ಅದರಲ್ಲಿ ಜಾಗ ಕಡಿಮೆ.

ಮರುಕದ ಪರಂಪರೆ

ಇದಕ್ಕೆ ಪಕ್ಕದಲ್ಲೇ ಬೆಳೆದದ್ದು ಸುಧಾರಕರ ಪರಂಪರೆ. ಡೆನ್ಮಾರ್ಕ್‌ನಿಂದ 1870ರಲ್ಲಿ ಅಮೆರಿಕಕ್ಕೆ ಬಂದ ಜೇಕಬ್ ರೀಸ್ ನ್ಯೂಯಾರ್ಕಿನ ವಲಸಿಗರ ಕೊಳಚೆ ವಠಾರಗಳಿಗೆ ಫ್ಲ್ಯಾಶ್ ಪುಡಿ ಹಿಡಿದು ನುಗ್ಗಿ ತೆಗೆದ ಚಿತ್ರಗಳು 1890ರ ‘ಹೌ ದಿ ಅದರ್ ಹಾಫ್ ಲಿವ್ಸ್’ ಪುಸ್ತಕವಾದವು. ವಠಾರಗಳ ಸುಧಾರಣೆಗೆ ಅವು ಬಲ ಕೊಟ್ಟದ್ದು ನಿಜ, ರೀಸ್ ತನ್ನ ಬರಹದಲ್ಲಿ ಇಟಲಿಯವರನ್ನು, ಚೀನೀಯರನ್ನು, ಯಹೂದಿಗಳನ್ನು ಜಾತಿಗುಣಗಳ ಮೂಟೆಗಳಂತೆ ಬಣ್ಣಿಸಿದ್ದೂ ಅಷ್ಟೇ ನಿಜ. ತಾನೇ ವಲಸಿಗನಾದವನ ಕಣ್ಣು ಇನ್ನೊಬ್ಬ ವಲಸಿಗನಿಗೆ ನ್ಯಾಯ ಕೊಟ್ಟೇ ಕೊಡುತ್ತದೆಂಬ ನಂಬಿಕೆ ಇಲ್ಲಿಯೇ ಸೋಲುತ್ತದೆ.

ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ತಪಾಸಣಾ ಕೇಂದ್ರ 1892ರಿಂದ 1954ರವರೆಗೆ ಸುಮಾರು 1.2 ಕೋಟಿ ಜನರನ್ನು ಒಳಬಿಟ್ಟುಕೊಂಡಿತು. ಅಲ್ಲಿ ನೋಂದಣಿ ಗುಮಾಸ್ತನಾಗಿದ್ದ ಅಗಸ್ಟಸ್ ಶರ್ಮನ್, ತಡೆಹಿಡಿಯಲ್ಪಟ್ಟವರನ್ನು ಊರಿನ ಉಡುಪಿನಲ್ಲಿ ನಿಲ್ಲಿಸಿ ಚಿತ್ರ ತೆಗೆದ. ಅವನ ಚಿತ್ರಗಳಲ್ಲಿ ಜನ ರಾಷ್ಟ್ರಗಳ ಮಾದರಿಗಳಾಗಿದ್ದಾರೆ. 1904ರ ಸುಮಾರಿಗೆ ಅದೇ ದ್ವೀಪಕ್ಕೆ ಬಂದ ಶಾಲಾ ಶಿಕ್ಷಕ ಲೂಯಿಸ್ ಹೈನ್, ಹಿಂದಿನ ಕಾಲದಲ್ಲಿ ಹಡಗಿನಲ್ಲಿ ಬಂದಿಳಿದ ಹಿರಿಯರಿಗೆ ತೋರುವ ಗೌರವವನ್ನೇ ತನ್ನ ವಿದ್ಯಾರ್ಥಿಗಳು ಈ ಹೊಸಬರಿಗೂ ತೋರಲೆಂದು ಚಿತ್ರ ತೆಗೆದ. ಇದೇ ಕಾಲದ ಅತ್ಯಂತ ಹೆಸರಾದ ಚಿತ್ರ ಮಾತ್ರ ಇವರಿಬ್ಬರದೂ ಅಲ್ಲ. ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ 1907ರಲ್ಲಿ ಹಡಗಿನ ಕೆಳದರ್ಜೆಯ ಜನರನ್ನು ಮೇಲಿನಿಂದ ತೆಗೆದ ‘ದಿ ಸ್ಟೀರೇಜ್’ ಅಮೆರಿಕಕ್ಕೆ ಬರುತ್ತಿರುವ ವಲಸಿಗರ ಲಾಂಛನವೆಂಬಂತೆ ಎಷ್ಟೋ ಕಡೆ ಅಚ್ಚಾಗಿದೆ. ಆ ಹಡಗು ಹೊರಟಿದ್ದುದು ನ್ಯೂಯಾರ್ಕಿನಿಂದ ಯುರೋಪಿಗೆ! ಅದರಲ್ಲಿದ್ದವರು ಹಿಂದಿರುಗುತ್ತಿದ್ದವರು. ಸ್ಟೀಗ್ಲಿಟ್ಸ್‌ಗೆ ಬೇಕಾಗಿದ್ದುದು ಟೋಪಿ, ಏಣಿ, ಸೇತುವೆಗಳ ಆಕಾರಗಳ ಹೊಂದಾಣಿಕೆ. ಚಿತ್ರದ ವಿಳಾಸ ಕಲಾರಸಿಕರು. ಸೆಕುಲಾ ತನ್ನ 1975ರ ಪ್ರಬಂಧದಲ್ಲಿ ಹೈನ್‌ನನ್ನೂ ಸ್ಟೀಗ್ಲಿಟ್ಸ್‌ನನ್ನೂ ಎದುರುಬದುರು ಇಟ್ಟು, ಫೋಟೊದ ಅರ್ಥ ಅದರೊಳಗೆ ಇರುವುದಿಲ್ಲ, ಅದು ಓಡಾಡುವ ಜಾಗದಲ್ಲಿ ಹುಟ್ಟುತ್ತದೆ ಎಂದದ್ದು ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸುವ ಮಾತು. ಹೊರಟವರನ್ನು ಬಂದವರೆಂದು ನೂರು ವರ್ಷ ಓದಿದ ಮೇಲೆ, ಮುಖ ನೋಡಿಯೇ ಎಲ್ಲ ತಿಳಿಯುತ್ತದೆಂದು ಹೇಳುವ ಧೈರ್ಯ ಉಳಿಯಬಾರದು.

ಮರುಕದ ಪರಂಪರೆ ಬರ್ಜರ್–ಮೋರ್ ಜೋಡಿಯಲ್ಲಿ ಹೆಚ್ಚು ಎಚ್ಚರದ್ದಾಯಿತು. ಜರ್ಮನಿ ಮತ್ತು ಬ್ರಿಟನ್ನಿನಲ್ಲಿ ಮೈಮುರಿದು ದುಡಿಯುವ ಏಳು ಜನರಲ್ಲಿ ಒಬ್ಬ ವಲಸಿಗ ಎಂಬ ಲೆಕ್ಕದಿಂದ ಹೆಸರು ಪಡೆದ ಅವರ ಪುಸ್ತಕ ಮುಖಕ್ಕಿಂತ ವ್ಯವಸ್ಥೆಯನ್ನು ತೋರಿಸಲು ಹೊರಟಿತು. ಸೆಬಾಸ್ಟಿಯಾವ್ ಸಲ್ಗಾಡೊ 2000ದಲ್ಲಿ ಪ್ರಕಟಿಸಿದ ವಲಸೆಯ ಬೃಹತ್ ಚಿತ್ರಮಾಲೆ ಮತ್ತೆ ಮುಖಕ್ಕೆ ಮರಳಿತು. 2003ರಲ್ಲಿ ಸೂಸನ್ ಸಾಂಟಾಗ್ ಅದರ ಮೇಲೆ ಹೊರಿಸಿದ ಆಪಾದನೆ ಗಟ್ಟಿಯಾದದ್ದು: ಅಡಿಬರಹಗಳಲ್ಲಿ ಜನರ ಹೆಸರಿಲ್ಲ, ಹೆಸರಿಲ್ಲದವರು ತಮ್ಮ ಅಸಹಾಯಕತೆಯಷ್ಟೇ ಆಗಿ ಉಳಿಯುತ್ತಾರೆ, ದೇಶಕಾಲ ಬೇರೆಯಾದ ಸಂಕಟಗಳೆಲ್ಲ ಒಂದೇ ಮೊತ್ತವಾಗುತ್ತವೆ. ಸಲ್ಗಾಡೊ ಪರವಾಗಿಯೂ ಹೇಳುವುದಿದೆ. ಅವನೂ 1969ರಲ್ಲಿ ಸೇನಾಡಳಿತದ ಬ್ರೆಜಿಲ್ ಬಿಟ್ಟು ಪ್ಯಾರಿಸ್ ಸೇರಿದವನು. ಹೆಸರು ಬರೆದರೆ ಗಡಿ ಪೊಲೀಸರ ಕೈಗೆ ಸಿಗಬಹುದಾದವರಿಗೆ ಹೆಸರಿಲ್ಲದಿರುವುದೇ ರಕ್ಷಣೆ. ಆದರೆ ಈ ಸಮಾಧಾನ ಕೆಲವರಿಗಷ್ಟೇ ಹೊಂದುತ್ತದೆ. ಡೊರೊತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ತೆಗೆದ ‘ವಲಸೆಯ ತಾಯಿ’ಯ ಹೆಸರು ಫ್ಲಾರೆನ್ಸ್ ಓವನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ಗೊತ್ತಾದದ್ದು 1978ರಲ್ಲಿ, ಅವಳು ಮೂಲನಿವಾಸಿ ಚೆರೋಕಿ ಬುಡಕಟ್ಟಿನವಳೆಂಬುದೂ ಆಮೇಲೆಯೇ ಬೆಳಕಿಗೆ ಬಂತು. ಅಷ್ಟರಲ್ಲಿ ನಾಲ್ಕು ದಶಕ ಅವಳ ಮುಖ ಎಲ್ಲರದೂ ಆಗಿತ್ತು, ಅವಳದೊಂದು ಬಿಟ್ಟು.

ಸ್ಟುಡಿಯೊದ ಪರದೆಯ ಮುಂದೆ

1980ರ ದಶಕದ ಬ್ರಿಟನ್ನಿನಲ್ಲಿ ಮೂರನೆಯ ದಾರಿ ತೆರೆಯಿತು. ಜಮೈಕಾದಿಂದ ಬಂದ ಚಿಂತಕ ಸ್ಟುವರ್ಟ್ ಹಾಲ್ 1984ರಲ್ಲಿ ‘ಟೆನ್.8’ ಪತ್ರಿಕೆಗೆ ಬರೆದ ಪ್ರಬಂಧದಲ್ಲಿ, ಯುದ್ಧಾನಂತರ ಕೆರಿಬಿಯನ್ ದ್ವೀಪಗಳಿಂದ ಬಂದವರ ಚಿತ್ರಗಳನ್ನು ಹೊಸದಾಗಿ ಓದಿದ. ಹಡಗಿನಿಂದ ಇಳಿಯುವಾಗ ಅವರು ಇಸ್ತ್ರಿ ಮುರಿಯದ ಸೂಟು, ಹ್ಯಾಟು ತೊಟ್ಟಿದ್ದಾರೆ. ಇದನ್ನು ಮುಗ್ಧತೆ ಎಂದು ಕನಿಕರಿಸುವುದೂ ತಪ್ಪು, ಬಡತನ ಮುಚ್ಚುವ ಸೋಗೆಂದು ತಳ್ಳಿಹಾಕುವುದೂ ತಪ್ಪು; ಎಲ್ಲಿಗೋ ತಲುಪಬೇಕೆಂದು ಹೊರಟವರ ಸಿದ್ಧತೆ ಅದು. ಹಾಲ್ ಮುಂದೆ 1990ರಲ್ಲಿ ಬರೆದ ಇನ್ನೊಂದು ಪ್ರಬಂಧ, ಅಸ್ಮಿತೆ ಎಂಬುದು ಹಿಂದೆ ಬಿಟ್ಟು ಬಂದ ಗಂಟಲ್ಲ, ಆಗುತ್ತಲೇ ಇರುವ ಕ್ರಿಯೆ ಎಂದಿತು. ಈ ಪಂಥದ ಇಡೀ ಕೆಲಸಕ್ಕೆ ಅದೇ ಬುನಾದಿ.

ಬ್ರಾಡ್‌ಫರ್ಡ್‌ನ ಬೆಲ್ ವ್ಯೂ ಸ್ಟುಡಿಯೊ ಇದಕ್ಕೆ ಅತ್ಯುತ್ತಮ ಸಾಕ್ಷಿ. 1926ರಲ್ಲಿ ಆರಂಭವಾಗಿ 1975ರಲ್ಲಿ ಬಾಗಿಲು ಹಾಕಿದ ಆ ಸ್ಟುಡಿಯೊದಲ್ಲಿ, ಉಣ್ಣೆ ಗಿರಣಿಗಳಿಗೆ ದುಡಿಯಲು ಬಂದ ಪಾಕಿಸ್ತಾನಿಗಳು, ಭಾರತೀಯರು, ಕೆರಿಬಿಯನ್ನರು, ಪೂರ್ವ ಯುರೋಪಿನವರು ಸಾಲಾಗಿ ಬಂದು ನಿಂತರು. ಸ್ಟುಡಿಯೊದ ಛಾಯಾಗ್ರಾಹಕ ಟೋನಿ ವಾಕರ್ ಹಳೆಯ ಕಾಲದ ಗಾಜಿನ ಫಲಕದ ಕ್ಯಾಮೆರಾವನ್ನೇ ಕೊನೆಯವರೆಗೆ ಬಳಸಿದ. ಸುಮಾರು 17,000 ಗಾಜಿನ ನೆಗೆಟಿವ್‌ಗಳು ಉಳಿದಿವೆ. ಜೇಬಿನಲ್ಲಿ ಸಾಲು ಪೆನ್ನು, ಕೈಗಡಿಯಾರ ಕಾಣುವಂತೆ ಮಡಚಿದ ತೋಳು, ಮಿರುಗುವ ಬೂಟು. ಇವು ಊರಿಗೆ ಕಳಿಸಲೆಂದು ತೆಗೆಸಿದವು: ನಾನು ಚೆನ್ನಾಗಿದ್ದೇನೆ, ಸಾಲ ತೀರುತ್ತದೆ, ತಂಗಿಯ ಮದುವೆಗೆ ಚಿಂತಿಸಬೇಡಿ. ಗಿರಣಿಯ ರಾತ್ರಿಪಾಳಿಯಾಗಲಿ, ಒಂದೇ ಹಾಸಿಗೆಯನ್ನು ಪಾಳಿಯ ಮೇಲೆ ಹಂಚಿಕೊಂಡು ಮಲಗಿದ್ದಾಗಲಿ ಇವುಗಳಲ್ಲಿ ಇಲ್ಲ.

ಹಾಗಾದರೆ ಇವು ಸುಳ್ಳಲ್ಲವೇ? ಅಧಿಕಾರದ ಪಂಥದವರೂ ಮರುಕದ ಪಂಥದವರೂ ಒಟ್ಟಿಗೆ ಎತ್ತುವ ಆಕ್ಷೇಪ ಇದು. ರೀಸ್ ತೋರಿಸಿದ ಕತ್ತಲ ಕೋಣೆ ನಿಜ, ವಾಕರ್ ತೋರಿಸಿದ ಹೊಳೆಯುವ ಬೂಟು ನಟನೆ ಎಂಬುದು ಅದರ ಸಾರ. ಆದರೆ ಕತ್ತಲ ಕೋಣೆಯ ಚಿತ್ರವೂ ಯಾರನ್ನೋ ಒಪ್ಪಿಸಲೆಂದು ಆರಿಸಿ ತೆಗೆದದ್ದೇ. ಫ್ಲ್ಯಾಶ್‌ನ ಹೊಡೆತಕ್ಕೆ ಬೆಚ್ಚಿ ಎದ್ದವನ ಮುಖ ಅವನ ಸಹಜ ಮುಖ ಹೇಗಾದೀತು? ಸ್ಟುಡಿಯೊದ ಚಿತ್ರ ಗಿರಣಿಯ ವರದಿಯಲ್ಲ, ಮನೆಗೆ ಬರೆದ ಕಾಗದ. ಮನೆಗೆ ಕಾಗದ ಬರೆಯುವವರು ಎಲ್ಲ ಕಷ್ಟವನ್ನೂ ಬರೆಯುವುದಿಲ್ಲವೆಂದು ಕಾಗದ ಓದುವವರಿಗೂ ಗೊತ್ತು. ಬರ್ಮಿಂಗ್‌ಹ್ಯಾಮ್‌ನ ಡೈಚ್ ಸ್ಟುಡಿಯೊದ ಇಂಥದೇ ಸಂಗ್ರಹದ ಬಗ್ಗೆ ಟೀನಾ ಕ್ಯಾಂಪ್ಟ್ 2012 ಮತ್ತು 2017ರ ತಮ್ಮ ಪುಸ್ತಕಗಳಲ್ಲಿ ಬರೆದಿದ್ದಾರೆ. ಪ್ರತಿಭಟನೆಯ ಕೂಗಿಲ್ಲದ ಈ ಸಪ್ಪೆ ಚಿತ್ರಗಳಲ್ಲೂ ತಾನಂದುಕೊಂಡ ಬದುಕನ್ನು ಹಿಡಿದು ನಿಂತವರ ಹಟವಿದೆ ಎಂಬುದು ಅವರ ನಿಲುವು. ಕೆಲವೊಮ್ಮೆ ಕ್ಯಾಂಪ್ಟ್ ಆ ಮೌನಕ್ಕೆ ತೂಕ ಹೆಚ್ಚು ಹೊರಿಸುತ್ತಾರೆ ಎನಿಸದೆ ಇರದು. ಪಾಸ್‌ಪೋರ್ಟಿಗೆಂದು ತೆಗೆಸಿದ ಫೋಟೊದಲ್ಲಿ ಎಷ್ಟು ಹಟವಿದೆ, ಎಷ್ಟು ಕಚೇರಿಯ ನಿಯಮವಿದೆ ಎಂದು ಮುಖ ನೋಡಿಯೇ ಬೇರ್ಪಡಿಸಲಾಗದು.

1979ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಹ್ಯಾಂಡ್ಸ್‌ವರ್ತ್‌ನಲ್ಲಿ ಡೆರೆಕ್ ಬಿಷ್ಟನ್, ಬ್ರಯನ್ ಹೋಮರ್, ಜಾನ್ ರಿಯರ್ಡನ್, ಚಿತ್ರ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಸೀದಾ ಉತ್ತರ ಹುಡುಕಿದರು. ರಸ್ತೆಬದಿಯಲ್ಲಿ ಬಿಳಿ ಪರದೆ ಕಟ್ಟಿ, ಕ್ಯಾಮೆರಾದ ಗುಂಡಿಯನ್ನು ಉದ್ದನೆಯ ತಂತಿಯ ಮೂಲಕ ನಿಂತವರ ಕೈಗೇ ಕೊಟ್ಟರು. ಐನೂರಕ್ಕೂ ಹೆಚ್ಚು ಜನ ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡರು. ಬ್ರಿಟನ್ನಿನ ಪತ್ರಿಕೆಗಳಿಗೆ ಹ್ಯಾಂಡ್ಸ್‌ವರ್ತ್ ಎಂದರೆ ಅಪರಾಧದ ಸುದ್ದಿಯಷ್ಟೇ ಆಗಿದ್ದ ಕಾಲವದು. ಆದರೂ ಪರದೆ ಕಟ್ಟಿದವರು, ಯಾವ ಚಿತ್ರ ಪ್ರದರ್ಶನಕ್ಕೆಂದು ಆರಿಸಿದವರು ಬೇರೆಯವರೇ. ಗುಂಡಿ ಕೈಗೆ ಬಂದ ಮಾತ್ರಕ್ಕೆ ವಿಳಾಸ ಬರೆಯುವ ಹಕ್ಕು ಬರಲಿಲ್ಲ.

ಮಕ್ಕಳು ಹುಡುಕಿದ ನೆನಪು

ನಾಲ್ಕನೆಯ ಪಂಥ ನೆನಪಿನದು. ರೊಮೇನಿಯಾದಲ್ಲಿ ಹುಟ್ಟಿ ಅಮೆರಿಕ ಸೇರಿದ ಮೇರಿಯನ್ ಹರ್ಷ್, ಯಹೂದಿ ಹತ್ಯಾಕಾಂಡದಿಂದ ಪಾರಾದವರ ಮಕ್ಕಳನ್ನು ಮುಂದಿಟ್ಟುಕೊಂಡು, ತಾವು ಅನುಭವಿಸದ ಗತವನ್ನು ಮನೆಯ ಫೋಟೊಗಳ ಮೂಲಕ ತಮ್ಮದೇ ನೆನಪೆಂಬಷ್ಟು ತೀವ್ರವಾಗಿ ಪಡೆದುಕೊಳ್ಳುವ ಬಗೆಯನ್ನು ವಿವರಿಸಿದರು. ಅವರ 1997ರ ‘ಫ್ಯಾಮಿಲಿ ಫ್ರೇಮ್ಸ್’ ಆಮೇಲೆ ವಲಸಿಗ ಕಲಾವಿದರೆಲ್ಲರ ವ್ಯಾಖ್ಯಾನಕ್ಕೂ ಬಳಕೆಯಾಯಿತು. ವಿಯೆಟ್ನಾಂನಿಂದ 1978ರಲ್ಲಿ ಬಾಲಕನಾಗಿ ಪಾರಾಗಿ ಬಂದ ದಿನ್ ಕ್ಯು. ಲೇ ಅದಕ್ಕೆ ಒಳ್ಳೆಯ ಉದಾಹರಣೆ. ಚಿಕ್ಕಮ್ಮ ಹುಲ್ಲಿನ ಚಾಪೆ ಹೆಣೆಯುವುದನ್ನು ನೋಡಿ ಕಲಿತಿದ್ದ ಆತ ಫೋಟೊಗಳನ್ನು ಪಟ್ಟಿಗಳಾಗಿ ಸೀಳಿ, ಯುದ್ಧದ ಸುದ್ದಿಚಿತ್ರಗಳನ್ನೂ ಹಾಲಿವುಡ್ ದೃಶ್ಯಗಳನ್ನೂ ಒಂದರೊಳಗೊಂದು ಹೆಣೆದ. ತನ್ನ ಮನೆಯವರು ಬಿಟ್ಟುಬಂದ ಆಲ್ಬಮ್ ಸಿಕ್ಕೀತೆಂದು ಹೋ ಚಿ ಮಿನ್ ನಗರದ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕುತ್ತ ಅಪರಿಚಿತರ ಫೋಟೊಗಳನ್ನು ಸಾವಿರಗಟ್ಟಲೆ ಕೊಂಡು, ಅವನ್ನೇ ಪರದೆಗಳಂತೆ ಹೊಲಿದು ತೂಗುಹಾಕಿದ. ತನ್ನದು ಸಿಗದವನಿಗೆ ಇನ್ನೊಬ್ಬರ ಅಜ್ಜಿಯ ಚಿತ್ರ ನೆನಪಾಗಬಲ್ಲದೇ? ಹರ್ಷ್ ಆಗಬಲ್ಲದು ಎನ್ನುತ್ತಾರೆ. ಹಾಗೆ ಯಾರ ದುಃಖವನ್ನು ಬೇಕಾದರೂ ನಮ್ಮದಾಗಿಸಿಕೊಳ್ಳಬಹುದೆಂದಾದರೆ ನೆನಪಿಗೂ ಕಲ್ಪನೆಗೂ ಗಡಿಯೇ ಇರುವುದಿಲ್ಲ ಎಂಬುದು ಎದುರು ವಾದ. ಲೇ ಮಾಡಿದ ಕೆಲಸದ ಬಲವೇ ಹೊಲಿಗೆ ಕಾಣುವಂತೆ ಬಿಟ್ಟದ್ದರಲ್ಲಿದೆ. ಇವು ನನ್ನವಲ್ಲ ಎಂಬುದನ್ನು ಅದು ಅಡಗಿಸುವುದಿಲ್ಲ.

ಬೇರೆ ಕಲಾವಿದರು ಬೇರೆ ಹಾದಿ ಹಿಡಿದರು. ಅನ್ನು ಪಾಲಕುನ್ನತ್ತು ಮ್ಯಾಥ್ಯೂ ‘ಆನ್ ಇಂಡಿಯನ್ ಫ್ರಮ್ ಇಂಡಿಯಾ’ ಮಾಲೆಯಲ್ಲಿ, ಅಮೆರಿಕದ ಮೂಲನಿವಾಸಿಗಳನ್ನು ಎಡ್ವರ್ಡ್ ಕರ್ಟಿಸ್ ತೆಗೆದಂಥ ಹಳೆಯ ಚಿತ್ರಗಳ ಪಕ್ಕದಲ್ಲಿ ಅದೇ ಭಂಗಿಯಲ್ಲಿ ತಾವೇ ಕುಳಿತು, ‘ಇಂಡಿಯನ್’ ಎಂಬ ಕೊಲಂಬಸ್‌ನ ತಪ್ಪನ್ನು ನಗುತ್ತಲೇ ಅವನಿಗೆ ಹಿಂತಿರುಗಿಸಿದರು. ಗಯಾನಾದಲ್ಲಿ ಹುಟ್ಟಿದ ಇಂಗ್ರಿಡ್ ಪೊಲಾರ್ಡ್ 1980ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಹಸಿರು ಗ್ರಾಮಾಂತರದ ನಡುವೆ ಕಪ್ಪು ಜನರನ್ನು ಕೂರಿಸಿ, ಕೆಳಗೆ ತಮ್ಮ ಅಳುಕಿನ ಮಾತು ಬರೆದರು. ಇಡಿ ಅಮಿನ್ 1972ರಲ್ಲಿ ಏಷ್ಯನ್ನರನ್ನು ಹೊರಗಟ್ಟಿದ ಉಗಾಂಡದಲ್ಲಿ ಹುಟ್ಟಿದ ಜರೀನಾ ಭೀಮ್ಜಿ ಮುಖವನ್ನೇ ಕೈಬಿಟ್ಟರು. ಅವರ ಚಿತ್ರಗಳಲ್ಲಿ ಇರುವುದು ಖಾಲಿ ಕೋಣೆ, ಬಿರುಕುಬಿಟ್ಟ ಗೋಡೆ, ಪಾಳು ಬ್ಯಾರಕ್ಕು. ಈ ಕೆಲಸಗಳ ವಿಳಾಸ ಊರೂ ಅಲ್ಲ, ಕಚೇರಿಯೂ ಅಲ್ಲ. ಹೆಚ್ಚಿನವು ಗ್ಯಾಲರಿಗೆ ಬರುವವರಿಗಾಗಿ. ಇದು ದೋಷವೆಂದಲ್ಲ, ಆದರೆ ನೆನಪಿನ ಪಂಥ ಇದನ್ನು ಮರೆತು ಮಾತಾಡುವುದೇ ಹೆಚ್ಚು.

ಹಣೆಪಟ್ಟಿಯ ಜಗಳ

ರಾಬರ್ಟ್ ಫ್ರ್ಯಾಂಕ್ 1947ರಲ್ಲಿ ಸ್ವಿಟ್ಸರ್‌ಲೆಂಡ್ ಬಿಟ್ಟು ಬಂದವನು. ಅವನ ‘ದಿ ಅಮೆರಿಕನ್ಸ್’ ಅಮೆರಿಕದ ಛಾಯಾಗ್ರಹಣದ ಶಿಖರ. ಆಂದ್ರೆ ಕೆರ್ಟೆಸ್, ರಾಬರ್ಟ್ ಕಾಪಾ, ಬಿಲ್ ಬ್ರಾಂಟ್ ಎಲ್ಲರೂ ಹುಟ್ಟೂರು ಬಿಟ್ಟವರೇ. ಇವರನ್ನು ಯಾರೂ ವಲಸಿಗ ಛಾಯಾಗ್ರಾಹಕರ ಕಪಾಟಿನಲ್ಲಿ ಇಡುವುದಿಲ್ಲ. ದೆಹಲಿಯಿಂದ ಮಾಂಟ್ರಿಯಲ್‌ಗೆ, ಮುಂದೆ ಲಂಡನ್ನಿಗೆ ಹೋದ ಸುನೀಲ್ ಗುಪ್ತಾ ತೆಗೆದರೆ ಮಾತ್ರ ಅದು ಅಸ್ಮಿತೆಯ ಚಿತ್ರ. 1988ರಲ್ಲಿ ಲಂಡನ್ನಿನಲ್ಲಿ ಕಪ್ಪು ಛಾಯಾಗ್ರಾಹಕರ ಸಂಘವಾಗಿ ‘ಆಟೋಗ್ರಾಫ್’ ಹುಟ್ಟಿಕೊಂಡಾಗ ಹಣೆಪಟ್ಟಿ ಬೇಕಾಗಿತ್ತು, ಬಾಗಿಲು ಅದಿಲ್ಲದೆ ತೆರೆಯುತ್ತಿರಲಿಲ್ಲ. ತೆರೆದ ಮೇಲೆ ಅದೇ ಪಟ್ಟಿ ಕೋಣೆಯಾಯಿತೆಂಬ ದೂರೂ ನ್ಯಾಯದ್ದೇ. ದೆಹಲಿಯ ಗೌರಿ ಗಿಲ್ 2000ರಿಂದ 2007ರವರೆಗೆ ಅಮೆರಿಕದ ಭಾರತೀಯರನ್ನು ಅವರ ಮನೆ, ಮೋಟೆಲ್ಲು, ಕಚೇರಿಗಳಲ್ಲಿ ತೆಗೆದು ಆ ಮಾಲೆಗೆ ಫ್ರ್ಯಾಂಕ್‌ನ ಪುಸ್ತಕದ ಹೆಸರನ್ನೇ ಇಟ್ಟದ್ದು ಈ ಜಗಳದಲ್ಲಿ ಬಂದಿರುವ ಅತ್ಯಂತ ಚುರುಕಾದ ಉತ್ತರ: ಇವರೂ ಅಮೆರಿಕನ್ನರೇ, ಬೇರೆ ಪಟ್ಟಿ ಬೇಡ.

ಇತ್ಯರ್ಥವಾಗದೆ ಉಳಿದದ್ದು

ವಿಳಾಸದ ವಾದಕ್ಕೆ ಇರುವ ದೊಡ್ಡ ಆಕ್ಷೇಪವೆಂದರೆ ವಿಳಾಸ ಬದಲಾಗುತ್ತದೆ ಎಂಬುದು. ಕೂಲಿಯನ್ನು ಹಿಡಿದಿಡಲು ಮಾರಿಷಸ್‌ನಲ್ಲಿ ಕಟ್ಟಿದ ವಲಸೆ ದಫ್ತರಗಳಲ್ಲೇ ಇಂದು ಮರಿಮಕ್ಕಳು ತಮ್ಮ ಹಿರಿಯರ ಊರು ಹುಡುಕುತ್ತಾರೆ. ಏಳನೆಯ ತಲೆಮಾರಿನವರಿಗೂ ಸಾಗರೋತ್ತರ ಭಾರತೀಯ ಕಾರ್ಡು ಕೊಡುವುದಾಗಿ ಭಾರತ 2024ರಲ್ಲಿ ಪ್ರಕಟಿಸಿದ ಮೇಲೆ ಅವುಗಳ ಬೆಲೆ ಇನ್ನಷ್ಟು ಏರಿದೆ. ಇತ್ತ ಬ್ರಿಟನ್ನಿನ ಗೃಹ ಇಲಾಖೆ ಕೆರಿಬಿಯನ್ ವಲಸಿಗರ ಹಳೆಯ ಆಗಮನ ಚೀಟಿಗಳನ್ನು 2010ರಲ್ಲಿ ನಾಶಮಾಡಿತು. ದಶಕಗಳಿಂದ ಅಲ್ಲಿಯೇ ಬಾಳಿದವರನ್ನು ಅಕ್ರಮ ನಿವಾಸಿಗಳೆಂದು ನಡೆಸಿಕೊಂಡ ಹಗರಣ 2018ರಲ್ಲಿ ಹೊರಬಿತ್ತು. ಸೆಕುಲಾ ಶಂಕಿಸಿದ ಕಡತವೇ ಅಲ್ಲಿ ಅವರಿಗೆ ಬೇಕಾಗಿತ್ತು. ಹಾಗಾಗಿ ಮೊದಲ ವಿಳಾಸ ಚಿತ್ರದ ಕೊನೆಯ ಅರ್ಥವಲ್ಲವೆಂದು ಒಪ್ಪಬೇಕು. ಆದರೆ ಎಲ್ಲಿಂದ ಎಲ್ಲಿಗೆ ತಿರುಗಿತೆಂದು ತಿಳಿಯದೆ ತಿರುವಿನ ಮಾತಾಡುವುದೂ ಸಾಧ್ಯವಿಲ್ಲ. ಎಷ್ಟು ದೂರದವರೆಗೆ ಈ ತಿರುವು ನ್ಯಾಯ, ಎಲ್ಲಿಂದ ಅದು ಹೊಸ ಬಳಕೆದಾರನ ಅನುಕೂಲ ಎಂಬುದಕ್ಕೆ ಒಪ್ಪಿತ ಅಳತೆಯಿಲ್ಲ.

ಒಡೆತನದ ಪ್ರಶ್ನೆಯೂ ಹಾಗೆಯೇ ಇದೆ. ಅಮೆರಿಕದ ದಕ್ಷಿಣ ಏಷ್ಯನ್ನರ ಡಿಜಿಟಲ್ ಸಂಗ್ರಹಾಲಯ ‘ಸಾದಾ’ 2008ರಿಂದ ಮೂಲ ಚಿತ್ರವನ್ನು ಮನೆಯಲ್ಲೇ ಬಿಟ್ಟು ನಕಲನ್ನಷ್ಟೇ ಪಡೆಯುತ್ತದೆ. ಮನೆಯೊಳಗಿನ ಆಲ್ಬಮ್ ಜಾಲತಾಣಕ್ಕೆ ಬಂದಾಗ ಅದರಲ್ಲಿರುವ, ಒಪ್ಪಿಗೆ ಕೇಳಲಾಗದ ಹಿರಿಯರ ಪರವಾಗಿ ಯಾರು ಮಾತಾಡಬೇಕು ಎಂಬುದು ಈ ವ್ಯವಸ್ಥೆಯಿಂದಲೂ ಬಗೆಹರಿಯುವುದಿಲ್ಲ. ಅರಿಯೆಲ್ಲಾ ಅಜೂಲೆ 2008ರ ತಮ್ಮ ಪುಸ್ತಕದಲ್ಲಿ ಫೋಟೊ ತೆಗೆದವನು, ತೆಗೆಸಿಕೊಂಡವನು, ನೋಡುವವನು ಮೂವರೂ ಒಂದು ನಾಗರಿಕ ಒಪ್ಪಂದದಲ್ಲಿ ಸಮಪಾಲುದಾರರೆಂದು ವಾದಿಸಿದ್ದಾರೆ. ಆಕರ್ಷಕ ಕಲ್ಪನೆ, ಪೌರತ್ವವೇ ಇಲ್ಲದವನು ಆ ಒಪ್ಪಂದಕ್ಕೆ ಸಹಿ ಹಾಕುವುದು ಎಲ್ಲಿ ಎಂಬುದನ್ನು ಅದರ ಬೆಂಬಲಿಗರು ಇನ್ನೂ ತೋರಿಸಿಕೊಡಬೇಕು.

ಕಲಾವಿದ ರಿಚರ್ಡ್ ಮೋಸ್ ‘ಇನ್‌ಕಮಿಂಗ್’ ಕೃತಿಯಲ್ಲಿ, ಹತ್ತಾರು ಕಿಲೋಮೀಟರ್ ದೂರದಿಂದ ಮೈಯ ಶಾಖವನ್ನೇ ಹಿಡಿಯುವ ಸೇನಾ ಬಳಕೆಯ ಕ್ಯಾಮೆರಾದಿಂದ ನಿರಾಶ್ರಿತರನ್ನು ತೆಗೆದ. ಮುಖದ ಗುರುತು ಅಳಿಸಿ ಅವರನ್ನು ಕಾಪಾಡಿದ ಎಂದವರಿದ್ದಾರೆ, ಗಡಿ ಕಾವಲಿನ ಕಣ್ಣನ್ನೇ ಕಲೆಯಾಗಿಸಿದ ಎಂದವರೂ ಇದ್ದಾರೆ. ಎರಡೂ ಕಡೆ ಸಾಕಷ್ಟು ನ್ಯಾಯವಿದೆ. ಇದಕ್ಕಿಂತ ಹೆಚ್ಚು ತಲೆಕೆಡಿಸುವುದು ಮೊಬೈಲ್. ವಿಮಾನ ನಿಲ್ದಾಣದ ಯಂತ್ರ ಇಂದು ಮುಖವನ್ನು ಅಳೆಯುತ್ತದೆ, ಅದೇ ಮುಖ ಅರ್ಧ ಗಂಟೆಯ ನಂತರ ವಾಟ್ಸ್‌ಆಪ್‌ನಲ್ಲಿ ಅಮ್ಮನ ಕೈ ಸೇರುತ್ತದೆ, ಸಂಜೆಗೆ ಅಪರಿಚಿತರ ಪರದೆಗೂ ಹೋಗುತ್ತದೆ. ಕಚೇರಿ, ಮನೆ, ಲೋಕ ಎಂಬ ವಿಳಾಸಗಳು ಬೇರೆಬೇರೆಯಾಗಿದ್ದ ಕಾಲದ ಚಿತ್ರಗಳ ಮೇಲೆ ಕಟ್ಟಿದ ಈ ನಾಲ್ಕೂ ಪಂಥಗಳಲ್ಲಿ ಯಾವುದು, ಅವು ಒಂದೇ ಫೈಲಿನಲ್ಲಿ ಕೂಡಿಕೊಂಡ ಮೇಲೂ ಕೆಲಸಕ್ಕೆ ಬರುತ್ತದೆ ಎಂಬುದು ತೀರ್ಮಾನವಾಗಿಲ್ಲ. ನಾನು ಹಿಡಿದ ವಾದಕ್ಕೂ ಅದೇ ಪರೀಕ್ಷೆ ಕಾದಿದೆ.